ಸುಮಾ, ಮೊದ್ಲು ಆ ಪೋಸ್ಟರ್ ತೆಗಿ

ಸುಮಾ, ನಾನು ದೊಡ್ಡಮ್ಮ. ಟೈಪ್ ಮಾಡೋಕೆ ಕೂತ್ರೆ ಸಂಜೆ ಆಗೋಗುತ್ತೆ, ಅದಕ್ಕೆ ಬಾಯಲ್ಲೇ ಹೇಳ್ತಿದೀನಿ. ಉದ್ದ ಆಯ್ತು ಅಂತ ಯಾರೂ ಮಧ್ಯದಲ್ಲಿ ನಿಲ್ಲಿಸ್ಬೇಡಿ. ನೀನು ಬೆಳಗ್ಗೆ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಹಾಕಿದ್ದನ್ನ ಓದಿಸ್ಕೊಂಡೆ. ನಿಮ್ಮ ಬಡಾವಣೆ ಸಂಘದವ್ರು ಬರೋ ಭಾನುವಾರ ಓಟ ಇಟ್ಕೊಂಡಿದಾರೆ, ಬಂದ ದುಡ್ಡು ಮನೆಯವ್ರ ಜೊತೆ ಇರೋಕಾಗದ ಮಕ್ಕಳನ್ನ ಇಟ್ಕೊಂಡು ಸಾಕೋ ಒಂದು ಮಕ್ಕಳ ಮನೆಗೆ, ಅಲ್ಲಿಂದ 25 ಮಕ್ಕಳು ಓಡೋಕೂ ಬರ್ತಾರೆ, ಅವ್ರನ್ನ ನೋಡ್ಕೊಳ್ಳೋದು ನಿನ್ನ ತಲೆ ಮೇಲೆ ಬಿದ್ದಿದೆ. ಈ ಏಪ್ರಿಲ್ ಬಿಸಿಲಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಏನು ಗತಿ, ಬೆಳಗ್ಗೆ ಏನು ತಿನ್ನಿಸ್ಲಿ, ಎಷ್ಟು ದೂರ ಓಡಿಸ್ಲಿ ಅಂತ ಕೇಳಿದೀಯ. ಹೇಳ್ತೀನಿ, ಹೇಳ್ತೀನಿ. ಆದ್ರೆ ಅದರ ಕೆಳಗೆ ಒಂದು ಪೋಸ್ಟರ್ ಹಾಕಿದೀಯಲ್ಲ, ಅದನ್ನ ನೋಡಿದ ಮೇಲೆ ನನಗೆ ಕಾಫಿ ಗಂಟಲಲ್ಲಿ ಇಳೀಲಿಲ್ಲ ಕಣೆ.

ನಾಲ್ಕು ಮಕ್ಕಳ ಮುಖ ಇಷ್ಟಿಷ್ಟು ದೊಡ್ಡದಾಗಿ. ಕೆಳಗೆ ಹೆಸರು. ಯಾವ ಮಕ್ಕಳ ಮನೆ ಅನ್ನೋದೂ ಇದೆ. ಮೇಲೆ 'ಅನಾಥರಿಗಾಗಿ ಓಡೋಣ ಬನ್ನಿ' ಅಂತ ಬಣ್ಣಬಣ್ಣದಲ್ಲಿ ಬೇರೆ. ಅಲ್ಲಿರೋ ಮಕ್ಕಳೆಲ್ಲ ಅನಾಥರು ಅಂತ ಇವ್ರಿಗೆ ಹೇಳಿದ್ದು ಯಾರು? ಮುಕ್ಕಾಲುಪಾಲು ಮಕ್ಕಳಿಗೆ ಅಪ್ಪನೋ ಅಮ್ಮನೋ ಇದ್ದೇ ಇರ್ತಾರೆ. ಸಾಕೋಕೆ ಆಗದೆ ಬಿಟ್ಟವ್ರು, ಕುಡಿದು ಹೊಡೆಯೋವ್ರು, ಕೂಲಿಗೆ ಹಚ್ಚಿದವ್ರು. ಅಂಥವ್ರ ಕೈಯಿಂದ ಬಿಡಿಸಿ ತಂದಿರೋ ಮಗು ಎಲ್ಲಿದೆ ಅಂತ ಊರಿಗೆಲ್ಲ ಪೋಸ್ಟರ್ ಹಚ್ಚಿ ಹೇಳ್ತಾರಲ್ಲ, ಏನನ್ನೋಣ.

ಮುಖ ಬೇಡ, ಹೆಸರು ಬೇಡ. ಇದನ್ನ ಸಂಘದ ಕಾರ್ಯದರ್ಶಿಗೆ ಇವತ್ತೇ ಹೇಳು, ನಾಳೆ ಅಂತ ಇಟ್ಕೋಬೇಡ.

ನಾನು ಬಾಲಮಂದಿರದಲ್ಲಿ, ಅಂದ್ರೆ ಇಂಥದ್ದೇ ಒಂದು ಮಕ್ಕಳ ಮನೇಲಿ, ಮಕ್ಕಳನ್ನ ನೋಡ್ಕೊಳ್ಳೋ ಗೃಹಮಾತೆ ಆಗಿದ್ದಾಗಿಂದು ಒಂದು ಕತೆ ಇದೆ. ನಮ್ಮ ಶಾರದಾ ಮಗಳ ಮದುವೆ ಆಯ್ತಲ್ಲ, ಅದರ ಹಿಂದಿನ ವರ್ಷ. ಊರ ಹೆಸರು ಹೇಳಲ್ಲ, ಹುಡುಗಿ ಹೆಸರಂತೂ ಹೇಳೋದೇ ಇಲ್ಲ. ಏಳನೇ ಕ್ಲಾಸು. ಸೋದರಮಾವನಿಗೆ ಕೊಟ್ಟು ಮದುವೆ ಮಾಡ್ತಿದ್ರು, ಚಪ್ಪರ ಹಾಕಿ ಆಗಿತ್ತು, ಯಾರೋ ಪುಣ್ಯಾತ್ಮರು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ ನಿಲ್ಸಿದ್ರು. ಅವಳ ಊರಿನ ಹತ್ರ ಇಟ್ರೆ ಕಷ್ಟ ಅಂತ, ಇಂಥ ಮಕ್ಕಳು ಎಲ್ಲಿರಬೇಕು ಅಂತ ತೀರ್ಮಾನ ಮಾಡೋ ಮಕ್ಕಳ ಕಲ್ಯಾಣ ಸಮಿತಿಯವ್ರು ಜಿಲ್ಲೆ ದಾಟಿಸಿ ನಮ್ಮಲ್ಲಿಗೆ ಕಳಿಸಿದ್ರು. ಬಂದ ಹೊಸದ್ರಲ್ಲಿ ಮಾತೇ ಇಲ್ಲ. ಊಟಕ್ಕೆ ಕರೆದ್ರೂ ಗೋಡೆ ಕಡೆ ನೋಡ್ಕೊಂಡು ಕೂತಿರೋಳು. ಆದ್ರೆ ಸಂಜೆ ಆಟಕ್ಕೆ ಬಿಟ್ರೆ ಓಡ್ತಿದ್ಲು ನೋಡು, ಬರಿಗಾಲಲ್ಲಿ! ಬೇರೆ ಹುಡುಗೀರು ಅರ್ಧ ಸುತ್ತು ಮುಗಿಸೋ ಹೊತ್ತಿಗೆ ಇವಳು ಬಂದು ನಿಂತು ಜಡೆ ಹಾಕ್ಕೊಳ್ತಿದ್ಲು. ಓಡೋಕೆ ಶುರು ಮಾಡಿದ ಮೇಲೇ ಮಾತೂ ಬಂತು.

ಆ ವರ್ಷ ಊರಲ್ಲೊಂದು ದೊಡ್ಡ ಸಂಸ್ಥೆಯವ್ರು ಹೀಗೇ ಮಕ್ಕಳ ಸಹಾಯಾರ್ಥ ಓಟ ಇಟ್ರು. ನಮ್ಮ ಹುಡುಗೀರನ್ನ ಕರ್ಕೊಂಡು ಹೋದ್ವಿ. 3 ಕಿಲೋಮೀಟ್ರಲ್ಲಿ ಇವಳೇ ಫಸ್ಟು. ವೇದಿಕೆಗೆ ಕರೆದ್ರು, ಕಪ್ ಕೊಟ್ರು, ಮೈಕಲ್ಲಿ ಹೆಸರು, ಊರು ಕೇಳಿದ್ರು, ಆ ಮಗು ಖುಷೀಲಿ ಹೇಳೇಬಿಡ್ತು. ಫೋಟೋದವನು ಮುಂದೆ ಬಂದ. ನಾನು ಅಡ್ಡ ನಿಂತು ಬೇಡ ಅಂದೆ. ಅಲ್ಲಿದ್ದ ದೊಡ್ಡ ಮನುಷ್ಯ ಒಬ್ರು 'ಒಳ್ಳೇ ಕೆಲಸಕ್ಕೆ ತಾನೇ ಅಮ್ಮ, ಏನಾಗುತ್ತೆ' ಅಂತ ನನ್ನನ್ನೇ ಪಕ್ಕಕ್ಕೆ ಸರಿಸಿದ್ರು. ಮಾರನೇ ದಿನ ಪೇಪರಲ್ಲಿ ಬಂತು, ಹೆಸರು, ಊರು, ನಮ್ಮ ಬಾಲಮಂದಿರದ ಹೆಸರು ಸಮೇತ. ಹುಡುಗೀರೆಲ್ಲ ಕತ್ತರಿಸಿ ಟ್ರಂಕಿನ ಮುಚ್ಚಳಕ್ಕೆ ಅಂಟಿಸಿಕೊಂಡ್ರು.

ಇನ್ನೂ ವಾರ ತುಂಬಿರಲಿಲ್ಲ, ಗೇಟ್ ಹತ್ರ ಜೀಪ್ ನಿಂತಿತ್ತು. ಸೋದರಮಾವ, ಅವನ ಜೊತೆ ಐದಾರು ಜನ. ಅವನ ಕೈಯಲ್ಲೂ ಅದೇ ಪೇಪರ್ ತುಂಡು, ಮಡಚಿ ಜೇಬಲ್ಲಿ ಇಟ್ಕೊಂಡು ಬಂದಿದ್ದ. 'ನಮ್ಮ ಹುಡುಗಿ, ನಮಗೆ ಕಳಿಸಿ' ಅಂತ ಕೂಗಾಟ. ಪೊಲೀಸ್ ಬಂದ್ರು, ಅವ್ರನ್ನ ಕಳಿಸಿದ್ರು. ಆದ್ರೆ ಮಾರನೇ ದಿನ ಶಾಲೆ ಹತ್ರ ಬಂದು ನಿಂತ್ರು. ಕೊನೆಗೆ ಆ ಮಗೂನ ಇನ್ನೊಂದು ಜಿಲ್ಲೆಗೆ ಕಳಿಸಬೇಕಾಯ್ತು, ಪರೀಕ್ಷೆಗೆ ತಿಂಗಳೂ ಇರಲಿಲ್ಲ. ಯಾರದೋ ಉತ್ಸಾಹಕ್ಕೆ ಶಾಲೆ ಹೋಯ್ತು, ಗೆಳತೀರು ಹೋದ್ರು. ಅಲ್ಲಿನ ಗೃಹಮಾತೆ ನನಗೆ ಪರಿಚಯ, ವಿಚಾರಿಸಿದ್ರೆ 'ಆಟಕ್ಕೆ ಕರೆದ್ರೆ ಹೊಟ್ಟೆನೋವು ಅಂತಾಳೆ ಅಕ್ಕ' ಅಂದ್ಲು.

ಹಾಗೆ ಫೋಟೋ ಹಾಕೋದು ತಪ್ಪು ಅಂತ ಆಗಲೂ ಕಾನೂನಿತ್ತು, ಯಾರು ಕೇಳ್ತಿದ್ರು. ಈಗ 2015ರ ಬಾಲನ್ಯಾಯ ಕಾಯ್ದೆ ಇದೆ, ಅದರ 74ನೇ ಸೆಕ್ಷನ್ನು. ಪೋಷಣೆ, ರಕ್ಷಣೆ ಬೇಕಿರೋ ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೋ, ಗುರುತು ಸಿಗೋ ಯಾವುದನ್ನೂ ಪೇಪರಲ್ಲಾಗಲಿ ಬೇರೆಲ್ಲೇ ಆಗಲಿ ಹಾಕೋ ಹಾಗಿಲ್ಲ. ಹಾಕಿದ್ರೆ 6 ತಿಂಗಳವರೆಗೆ ಜೈಲು, ಇಲ್ಲಾ 2 ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ವಾಟ್ಸಾಪ್ ತಾನೇ ಅಂತ ನಿಮ್ಮ ಕಾರ್ಯದರ್ಶಿ ಹಲ್ಲು ಕಿರಿದ್ರೆ ಈ ನಂಬರ್ ಹೇಳು. 74. ಬರ್ಕೊಂಡ್ಯಾ?

ಇನ್ನೊಂದು ಸಲ ಹೇಳ್ತೀನಿ, ಬೇಜಾರಾದ್ರೂ ಕೇಳು. ಮುಖ ಬೇಡ, ಹೆಸರು ಬೇಡ. ಬೆನ್ನು ಕಡೆಯಿಂದಲೂ ಬೇಡ, ಮುಖಕ್ಕೆ ಸ್ಮೈಲಿ ಅಂಟಿಸೋದೂ ಬೇಡ, ಅಕ್ಕಪಕ್ಕದವ್ರಿಗೆ ಗೊತ್ತಾಗೇ ಆಗುತ್ತೆ.

ಫೋಟೋ ಅಂದಾಗ ನೆನಪಾಯ್ತು. ಮೋಹನ, ನೀನೂ ಈ ಗ್ರೂಪಲ್ಲಿ ಇದೀಯ, ಬೇಜಾರು ಮಾಡ್ಕೋಬೇಡ, ಮಾಡ್ಕೊಂಡ್ರೂ ಸರಿ. ನಿನ್ನ ಮಗನ ಹುಟ್ಟುಹಬ್ಬಕ್ಕೆ ನಮ್ಮ ಬಾಲಮಂದಿರಕ್ಕೆ ಕೇಕ್ ತಂದಿದ್ದೆಯಲ್ಲ. ಹುಡುಗೀರನ್ನೆಲ್ಲ ಸಾಲಾಗಿ ನಿಲ್ಸಿ ಹ್ಯಾಪಿ ಬರ್ತ್‌ಡೇ ಹೇಳ್ಸಿ, ನಿನ್ನ ಹೆಂಡತಿ ಒಬ್ಬೊಬ್ಬರ ಬಾಯಿಗೆ ತುತ್ತು ಇಡೋದನ್ನ ಫೋಟೋ ತೆಗೆಸಿ, ಅದು ಸರಿಯಾಗಿ ಬರಲಿಲ್ಲ ಅಂತ ಎರಡನೇ ಸಲ ಬಾಯಿ ತೆಗೆಸಿದ್ರಿ. ನಮ್ಮ ರಿಜಿಸ್ಟರಲ್ಲಿ ಎಷ್ಟೋ ಮಕ್ಕಳ ಹುಟ್ಟಿದ ದಿನ ಜೂನ್ 1. ಶಾಲೆಗೆ ಸೇರಿಸೋವಾಗ ಮೇಷ್ಟ್ರು ಹಾಕಿದ್ದು. ನಿಜವಾದ್ದು ಯಾವತ್ತು ಅಂತ ಆ ಮಕ್ಕಳಿಗೇ ಗೊತ್ತಿಲ್ಲ. ಆಮೇಲೆ ನಾನು ಸೂಕ್ಷ್ಮವಾಗಿ ಹೇಳಿದ್ದಕ್ಕೆ ನೀನು ಎರಡು ವರ್ಷ ನಮ್ಮ ಮನೆ ಗೌರಿಹಬ್ಬಕ್ಕೆ ಬರಲಿಲ್ಲ. ಅಕ್ಕನಿಗೆ ಕೆಲಸದ ಜಂಬ ಅಂತ ಎಲ್ಲರ ಹತ್ರ ಹೇಳ್ಕೊಂಡು ಬಂದೆ. ನನ್ನ ಕಿವಿಗೆ ಬಿದ್ದಿದೆ.

ಬರೋವ್ರೆಲ್ಲ ಬರೋದು ಆಗಸ್ಟ್ 15ಕ್ಕೆ. ಒಂದೇ ದಿನ ಮೂರು ಕಡೆಯಿಂದ ಬಿಸಿಬೇಳೆಬಾತು, ಜಾಮೂನು. ತಿಂದು ಮಕ್ಕಳಿಗೆ ಅಜೀರ್ಣ. ಜೂನಲ್ಲಿ ಕನ್ನಡಕ ಬೇಕು, ಶೂ ಬೇಕು, ಪ್ಯಾಡ್ ಬೇಕು, ಆಗ ಫೋನ್ ಮಾಡಿದ್ರೆ 'ಮೀಟಿಂಗಲ್ಲಿದೀನಿ'. ಹಳೇ ಬಟ್ಟೆ ಕೊಡಿ ಅಂದ್ರೆ ಗುಂಡಿ ಇಲ್ಲದ ಅಂಗಿ, ಜಿಪ್ ಕಿತ್ತ ಚೂಡಿದಾರ್. 18 ತುಂಬಿದ ಮೇಲೆ ಅವ್ರು ಹೊರಗೆ ಹೋಗ್ತಾರಲ್ಲ, ಆಗ ರೂಮ್ ಅಡ್ವಾನ್ಸು, ಕಾಲೇಜ್ ಫೀಸು, ಅದಕ್ಕೆ ಯಾವನಾದ್ರೂ ಓಡಿದ್ದು ನಾನು ಕಾಣೆ. ಬೆಂಗಳೂರಲ್ಲಿ 2008ರಿಂದ ಆ ವರ್ಲ್ಡ್ ಟೆನ್‌ಕೆ ಅನ್ನೋ ಹತ್ತು ಕಿಲೋಮೀಟರ್ ಓಟ ನಡೀತಿದೆ, ಕೀನ್ಯಾ, ಇಥಿಯೋಪಿಯಾದಿಂದೆಲ್ಲ ಬಂದು ಓಡ್ತಾರೆ, ನಮ್ಮ ಜನ ಒಬ್ಬೊಬ್ಬರೂ ತಾವು ಮೆಚ್ಚಿದ ಸಂಸ್ಥೆ ಹೆಸರಲ್ಲಿ ಸ್ನೇಹಿತರ ಹತ್ರ ದುಡ್ಡು ಎತ್ತಿ ಓಡ್ತಾರೆ. ಅದು ನನಗೆ ಇಷ್ಟ. ಓಡೋನು ಓಡ್ತಾನೆ, ದುಡ್ಡು ಸಂಸ್ಥೆಗೆ ಹೋಗುತ್ತೆ, ಮಗು ತನ್ನ ಪಾಡಿಗೆ ಇರುತ್ತೆ.

ಎಲ್ಲಿಗೋ ಹೋದೆ. ಸುಮಾ, ನೀನು ಕೇಳಿದ್ದು ಊಟದ ವಿಷಯ ಅಲ್ವಾ.

ಹೊಟ್ಟೆ ತುಂಬ ತಿನ್ನಿಸ್ಬೇಡ, ಬರೀ ಹೊಟ್ಟೇಲೂ ಓಡಿಸ್ಬೇಡ. ಓಟಕ್ಕೆ ಒಂದೂವರೆ ಗಂಟೆ ಮುಂಚೆ ಎರಡು ಇಡ್ಲಿ, ಇಲ್ಲಾ ರಾಗಿ ಗಂಜಿ, ಒಂದು ಬಾಳೆಹಣ್ಣು. ಪೂರಿ, ವಡೆ ಎಲ್ಲ ಓಟ ಆದ್ಮೇಲೆ. ಬೆಳಗ್ಗೆ 6ಕ್ಕೇ ಬಿಡಿ, ಏಳೂವರೆಯೊಳಗೆ ಎಲ್ಲ ಮುಗೀಬೇಕು. ಅತಿಥಿಗಳು ಬರಲಿಲ್ಲ ಅಂತ ಮಕ್ಕಳನ್ನ ಬಿಸಿಲಲ್ಲಿ ನಿಲ್ಲಿಸ್ಬೇಡಿ, ಭಾಷಣ ಆಮೇಲೆ ಮಾಡ್ಕೊಳ್ಲಿ. ಸಣ್ಣವ್ರಿಗೆ 1 ಕಿಲೋಮೀಟರ್ ಸಾಕು, ಹತ್ತು ಹನ್ನೆರಡು ವರ್ಷ ದಾಟಿದವ್ರಿಗೆ 3. ಹತ್ತು ಕಿಲೋಮೀಟರ್ ಓಟ ದೊಡ್ಡವ್ರಿಗಿರಲಿ. ನಿಮ್ಮ ದಾರಿ ಕುಕ್ಕರಹಳ್ಳಿ ಕೆರೆ ಕಡೆಯಿಂದ ತಾನೇ, ನೆರಳಿದೆ, ಆದ್ರೂ ಕಿಲೋಮೀಟರಿಗೊಂದು ಕಡೆ ನೀರಿಡಿ. ಓಆರ್‌ಎಸ್ ದೊಡ್ಡ ಪ್ಯಾಕೆಟ್ ಒಂದಕ್ಕೆ ಸರಿಯಾಗಿ 1 ಲೀಟರ್ ನೀರು, ಕಣ್ಣಂದಾಜಲ್ಲಿ ಕಲಸ್ಬೇಡಿ.

ಯಾವ ಮಗುಗೆ ಉಬ್ಬಸ, ಯಾವ ಮಗುಗೆ ಫಿಟ್ಸ್ ಮಾತ್ರೆ, ಯಾರಿಗೆ ರಕ್ತ ಕಡಿಮೆ, ಮೊದ್ಲೇ ಅಲ್ಲಿನ ಸೂಪರಿಂಟೆಂಡೆಂಟ್ ಹತ್ರ ಬರೆಸ್ಕೋ. ಕರ್ಕೊಂಡು ಹೋಗೋಕೆ ಅವ್ರ ಅನುಮತಿ ಕಾಗದದಲ್ಲಿರಲಿ, ಮಕ್ಕಳ ಕಲ್ಯಾಣ ಸಮಿತಿಗೂ ತಿಳಿಸಿದಾರಾ ಕೇಳು. ಐದು ಮಕ್ಕಳಿಗೆ ಒಬ್ರು ದೊಡ್ಡವ್ರು. ಬಸ್ ಹತ್ತೋವಾಗ ತಲೆ ಎಣಿಸು, ಇಳಿಯೋವಾಗ ಎಣಿಸು. ಯಾವುದಾದ್ರೂ ಮಗು ತೂರಾಡ್ತಿದ್ರೆ, ಏನೇನೋ ಮಾತಾಡಿದ್ರೆ, ವಾಂತಿ ಮಾಡಿದ್ರೆ ನೆರಳಿಗೆ ತಂದು ಕುತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಇಟ್ಟು ತಕ್ಷಣ 108 ಆಂಬುಲೆನ್ಸಿಗೆ ಫೋನ್ ಮಾಡು.

ಟೀಶರ್ಟ್ ಎಲ್ಲ ಮಕ್ಕಳಿಗೂ ಒಂದೇ ಬಣ್ಣ. ನಿಮ್ಮ ಬಡಾವಣೆ ಮಕ್ಕಳು, ಆ ಮಕ್ಕಳು, ಬೇರೆ ಬೇರೆ ಸಾಲು ಮಾಡ್ಬೇಡಿ, ಕಲೆಸಿ ಬಿಡಿ. ಗೆದ್ದವ್ರನ್ನ ಎದೆ ಮೇಲಿನ ನಂಬರ್ ಹೇಳಿ ಕರೀರಿ, ಕಪ್ ಕೊಡಿ, ಚಪ್ಪಾಳೆ ಜೋರಾಗಿ ಹೊಡೀರಿ. ಹೊಸ ಶೂ ಕೊಡೋದಾದ್ರೆ ಇವತ್ತೇ ಕೊಡಿಸಿ ಓಡಾಡೋಕೆ ಹೇಳು, ಅವತ್ತೇ ಹಾಕಿದ್ರೆ ಕಾಲೆಲ್ಲ ಬೊಬ್ಬೆ.

ದುಡ್ಡು ಸಂಘದ ಯಾರದೋ ಫೋನ್‌ಪೇಗೆ ಬೇಡ, ನೇರ ಸಂಸ್ಥೆ ಖಾತೆಗೆ ಹಾಕ್ಸು, ರಸೀತಿ ತಗೋ. ನಿನ್ನ ಗಂಡ ಹಳೇ ತೆರಿಗೆ ಪದ್ಧತೀಲೇ ಇದ್ರೆ, ಆ ಸಂಸ್ಥೆಗೆ ಕೊಟ್ಟ ದುಡ್ಡಿಗೆ ತೆರಿಗೆ ವಿನಾಯಿತಿ, 80ಜಿ ಅಂತಿದ್ರಲ್ಲ ಅದು, ಇದೆಯಾ ನೋಡ್ಲಿ, 2,000 ರೂಪಾಯಿ ಮೇಲೆ ನಗದು ಕೊಟ್ರೆ ಅದು ಸಿಗಲ್ಲ.

ಹಾಂ, ನಿಂಬೆಹಣ್ಣಿನ ಪಾನಕ ಮಾಡೋದಾದ್ರೆ ಶನಿವಾರ ಸಂಜೆ ದೇವರಾಜ ಮಾರ್ಕೆಟ್ಟಿಗೆ ನಾನೂ ಬರ್ತೀನಿ, ನೂರು ಹಣ್ಣಾದ್ರೂ ಬೇಕು, ನಿನಗೆ ಚೌಕಾಸಿ ಬರಲ್ಲ. ಆಟೋದಲ್ಲಿ ಬಂದು ಕರ್ಕೊಂಡು ಹೋಗು.