ವಿಧವಾ ವೇತನ ಜಾಸ್ತಿ ಮಾಡಿ ಅಂತ ಕೇಳಬೇಕು, ಎಲ್ಲಿಂದ ಶುರು ಮಾಡುವುದು?

ಹೊಸನಗರ ತಾಲ್ಲೂಕಿನಿಂದ:
ನಮ್ಮದು ಹನ್ನೊಂದು ಜನರ ಸಣ್ಣ ಟ್ರಸ್ಟ್. ಮಳೆಗಾಲ ಹಿಡಿಯುವ ಮೊದಲು ಬಡವರ ಮನೆಗಳಿಗೆ ಅಕ್ಕಿ, ಬೇಳೆ, ಕಂಬಳಿ ಕೊಡುತ್ತೇವೆ. ಪ್ರತಿ ವರ್ಷ ಅದೇ ಮನೆಗಳು, ಅದೇ ಹೆಂಗಸರು. ತಿಂಗಳಿಗೆ 800 ರೂಪಾಯಿ ವಿಧವಾ ವೇತನದಲ್ಲಿ ಏನಾಗುತ್ತೆ ಹೇಳಿ? ಈ ಸಲ ಕಿಟ್ ನಿಲ್ಲಿಸಿ, ಮೊತ್ತ ಏರಿಸಿ ಅಂತ ಸರ್ಕಾರವನ್ನೇ ಕೇಳೋಣ ಅಂತಿದ್ದೇವೆ. ಯಾರನ್ನು ಹಿಡಿಯಬೇಕು? "ಗೃಹಲಕ್ಷ್ಮಿ 2000 ಬರುತ್ತಲ್ಲ, ಇನ್ನೇನು" ಅನ್ನುವವರಿಗೆ ಏನು ಹೇಳಬೇಕು? ಮಾಡಿ ಗೊತ್ತಿದ್ದವರು ಹೇಳಿ.

ತೀರ್ಥಹಳ್ಳಿಯಿಂದ:
ನಾವು ಮಾಡಿದ ತಪ್ಪನ್ನೇ ಮೊದಲು ಹೇಳುತ್ತೇನೆ. ರಸ್ತೆ, ಮನೆ, ಪಿಂಚಣಿ, ಕರೆಂಟು ಎಲ್ಲ ಒಂದೇ ಮನವಿಯಲ್ಲಿ ತುರುಕಿ, ಕಚೇರಿ ಮುಂದೆ ಫೋಟೋ ತೆಗೆಸಿಕೊಂಡು ಬಂದೆವು. ಸೀಲ್ ಬಿತ್ತು, ಅಲ್ಲಿಗೆ ಮುಗೀತು. ಮೊತ್ತ ಏರಿಸುವುದು ತಹಶೀಲ್ದಾರರ ಕೈಯಲ್ಲಿ ಇಲ್ಲ ಮಾರಾಯ್ರೆ, ಅದು ಬಜೆಟ್ಟಿನ ವಿಷಯ. 600 ಇದ್ದದ್ದನ್ನು 800 ಮಾಡುತ್ತೇವೆ ಅಂತ ಬೊಮ್ಮಾಯಿ ಹೇಳಿದ್ದು 2021ರ ಜುಲೈನಲ್ಲಿ, ಮುಖ್ಯಮಂತ್ರಿ ಆದ ದಿನವೇ. ಅಂದರೆ ಮೇಲಿನವರು ಮನಸ್ಸು ಮಾಡಿದರೆ ಒಂದು ದಿನದ ಕೆಲಸ. ಇನ್ನು ಕೇಂದ್ರದ ಪಾಲು ಬೇರೆ ಇದೆ, ಅದನ್ನು ಯಾರೂ ಕೇಳುವುದೇ ಇಲ್ಲ. ವಿಧವಾ ವೇತನದ ಮಾತಲ್ಲ, ವೃದ್ಧಾಪ್ಯ ವೇತನವನ್ನೇ ಉದಾಹರಣೆಗೆ ನೋಡಿ: 60ರಿಂದ 79 ವಯಸ್ಸಿನ ಬಡ ವೃದ್ಧರಿಗೆ ಕೇಂದ್ರ ಕೊಡುವುದು ತಿಂಗಳಿಗೆ 200 ರೂಪಾಯಿ, ಇಂದಿರಾ ಗಾಂಧಿ ಹೆಸರಿನ ವೃದ್ಧಾಪ್ಯ ವೇತನ 2007ರಲ್ಲಿ ಶುರುವಾದಾಗಲೂ ಅಷ್ಟೇ ಇತ್ತು. ಆ ವರ್ಷ ಹುಟ್ಟಿದ ಮಕ್ಕಳು ಈಗ ವೋಟು ಹಾಕುತ್ತಾರೆ! ಹಾಗಾಗಿ ಎರಡು ಕಾಗದ ಬರೆಯಿರಿ, ರಾಜ್ಯದ ಪಾಲಿಗೆ ಶಾಸಕರಿಗೆ ಒಂದು, ಕೇಂದ್ರದ ಪಾಲಿಗೆ ಸಂಸದರಿಗೆ ಒಂದು. ಶಾಸಕರನ್ನು ಬೆಳಗಾವಿ ಅಧಿವೇಶನಕ್ಕೆ ಮುಂಚೆಯೇ ಹಿಡಿದು, ಸದನದಲ್ಲಿ ಪ್ರಶ್ನೆ ಕೇಳಿ ಅನ್ನಿ. ಬಜೆಟ್ ಓದಿದ ಮೇಲೆ ಹೋದರೆ ಕಾಫಿ ಕುಡಿದು ಬರಬಹುದು ಅಷ್ಟೆ. ಅದಕ್ಕೂ ಮೊದಲು ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ನಡಾವಳಿಯ ನಕಲು ಕೈಯಲ್ಲಿ ಇಟ್ಟುಕೊಳ್ಳಿ. ಯಾವ ಪಕ್ಷದವರಿಗೂ ಮೈಕು ಕೊಡಬೇಡಿ, ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರು ನಿಮ್ಮ ಕಡೆ ತಿರುಗಿಯೂ ನೋಡುವುದಿಲ್ಲ.

ಸಾಗರದಿಂದ:
ಗೃಹಲಕ್ಷ್ಮಿ ಪ್ರಶ್ನೆಗೆ ನಮ್ಮ ಪಕ್ಕದ ಮನೆಯೇ ಉತ್ತರ. ಅತ್ತೆ ಸೊಸೆ ಇಬ್ಬರೂ ಗಂಡ ಸತ್ತವರು, ರೇಷನ್ ಕಾರ್ಡು ಒಂದೇ. ಯಜಮಾನಿ ಅತ್ತೆ, 2000 ಹೋಗುವುದು ಅವರ ಖಾತೆಗೆ. ಎರಡು ಮಕ್ಕಳ ಸೊಸೆಗೆ ಇರುವುದು ಆ 800 ಮಾತ್ರ. ಬಸ್ಸು ಫ್ರೀ ಅಲ್ವಾ ಅಂತಲೂ ಕೇಳುತ್ತಾರೆ. ಶಕ್ತಿ ಯೋಜನೆ ನಡೆಯುವುದು ಸರ್ಕಾರಿ ಬಸ್ಸಿನಲ್ಲಿ, ನಮ್ಮ ಒಳಹಳ್ಳಿಗಳಿಗೆ ಬರುವುದು ಖಾಸಗಿ ಬಸ್ಸು. ದುಡ್ಡು ಕೊಟ್ಟೇ ಹತ್ತಬೇಕು.

ನಾವು ಮಾಡಿದ್ದು ಇಷ್ಟು. ಆರು ಹೆಂಗಸರ ಹತ್ತಿರ ಒಂದು ತಿಂಗಳ ಖರ್ಚು ಬರೆಸಿದೆವು, ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ. ಒಬ್ಬಾಕೆ ಬರೆದ ಸಾಲು ಈಗಲೂ ನೆನಪಿದೆ: "ಬ್ಯಾಂಕಿಗೆ ಹೋಗಿದ್ದು, ಹೆಬ್ಬೆಟ್ಟು ಬರಲಿಲ್ಲ, ಬಸ್ಸು 60." ಆಕೆ ಅಡಿಕೆ ಸುಲಿಯುವವರು. ಸುಗ್ಗಿಯಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಮೆಟ್ಟುಗತ್ತಿ ಮುಂದೆ ಕೂತು ಬೆರಳೆಲ್ಲ ಕಪ್ಪಾಗಿ, ಗೆರೆ ಸವೆದು ಹೋಗಿರುತ್ತೆ. ಹುಣಸೆಹಣ್ಣು ಹಾಕಿ ತಿಕ್ಕಿಕೊಂಡು ಬಂದು ನಾಲ್ಕು ಸಲ ಒತ್ತಿದರೂ ಮೆಷಿನ್ನು ಬೇಡ ಅಂತು. ಆ ಪುಟವನ್ನು ಹಾಗೇ ಜೆರಾಕ್ಸ್ ಮಾಡಿ ಮನವಿಗೆ ಪಿನ್ ಹೊಡೆದೆವು. ಶಾಸಕರ ಕಡೆಯವರು ಪೂರ್ತಿ ಓದಿದ್ದು ಅದೊಂದೇ ಪುಟ. ಹೆಸರು ಮಾತ್ರ ಅಳಿಸಿ ಕೊಡಿ, ನಾವು ಅಳಿಸದೆ ಆಕೆ ಊರಲ್ಲಿ ಮಾತು ಕೇಳಬೇಕಾಯಿತು. ಅದು ನಮ್ಮದೇ ತಪ್ಪು.

ಕೊಪ್ಪದಿಂದ:
ನನ್ನದು ಸ್ವಲ್ಪ ಬೇರೆ ಮಾತು. ಕಿಟ್ ನಿಲ್ಲಿಸಬೇಡಿ. ಆಷಾಢದಲ್ಲಿ ಕೂಲಿ ಇಲ್ಲದ ಮನೆಗೆ ಹೋಗಿ ಬಜೆಟ್ ಬರಲಿ ಅನ್ನಲು ಆಗುತ್ತಾ? ಇನ್ನೊಂದು, 800 ಕೂಡ ಬರದವರು ಎಷ್ಟು ಜನ ಇದ್ದಾರೆ ಮೊದಲು ನೋಡಿ. ನಮ್ಮಲ್ಲಿ ಖಾತೆಗೆ ಆಧಾರ್ ಜೋಡಣೆ ಸರಿ ಇಲ್ಲದೆ ನಿಂತು ಹೋದದ್ದೇ ಜಾಸ್ತಿ ಇತ್ತು. ನಾಡಕಚೇರಿಗೂ ಬ್ಯಾಂಕಿಗೂ ಜೊತೆಗೆ ಹೋಗಿ ಅದನ್ನು ಸರಿ ಮಾಡಿಸಿಕೊಟ್ಟೆವು. ಆಮೇಲೆ ಸಭೆಗೆ ಬನ್ನಿ ಅಂತ ಯಾರನ್ನೂ ಕರೆಯಬೇಕಾಗಲಿಲ್ಲ, ತಾವಾಗಿಯೇ ಬಂದರು.

ಹೊಸನಗರ ತಾಲ್ಲೂಕಿನಿಂದ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಕೂತು ಮಾತಾಡಿದೆವು, ಸ್ವಲ್ಪ ಜಗಳವೂ ಆಯಿತು. ಕಿಟ್ ಇರುತ್ತೆ, ಕಂಬಳಿ ಬಿಟ್ಟು. ಆ ದುಡ್ಡಲ್ಲಿ ಬಸ್ ಚಾರ್ಜು, ಜೆರಾಕ್ಸು ನೋಡಿಕೊಳ್ಳುತ್ತೇವೆ. ನೋಟ್‌ಬುಕ್ ಇವತ್ತೇ ನಾಲ್ಕು ಮನೆಗೆ ಕೊಟ್ಟು ಬಂದೆ. ಒಬ್ಬರಿಗೆ ಬರೆಯಲು ಬರುವುದಿಲ್ಲ, ಮೊಮ್ಮಗಳು ಬರೆಯುತ್ತಾಳಂತೆ. ಸಾಗರದ ಅಕ್ಕಾ, ನಿಮ್ಮ ಮನವಿಯ ಒಂದು ಪ್ರತಿ ಇದ್ದರೆ ಕಳಿಸಿ, ಹೆಸರು ಅಳಿಸಿದ್ದು.