ಸಹಾಯ ಬೇಕು: ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರಿಗಾಗಿ ಕನ್ನಡ ಕೈಪಿಡಿ

ಎಲ್ಲರಿಗೂ ನಮಸ್ಕಾರ. ನಾನು ಜಿಲ್ಲಾ ಮಟ್ಟದ ಆಸ್ಪತ್ರೆಯೊಂದರ ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ ಶುಶ್ರೂಷಾಧಿಕಾರಿಯಾಗಿದ್ದೇನೆ. ಕರುಳು, ಪಿತ್ತಕೋಶ ಮುಂತಾದ ಶಸ್ತ್ರಚಿಕಿತ್ಸೆಗೆ ಬರುವವರಿಗೂ ಅವರ ಮನೆಯವರಿಗೂ ಕೊಡಲು ಸಣ್ಣ ಕೈಪಿಡಿಯೊಂದನ್ನು ಬರೆಯುತ್ತಿದ್ದು, ಈ ಗುಂಪಿನಲ್ಲಿರುವ ತಜ್ಞರ ನೆರವು ಕೋರುತ್ತಿದ್ದೇನೆ.

ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ರೂಪಿಸಿದ ಕ್ರಮವೇ ಇದಕ್ಕೆ ಆಧಾರ: ದೀರ್ಘ ಉಪವಾಸ ಬೇಡ, ನೋವು ಹತೋಟಿಯಲ್ಲಿರಬೇಕು, ರೋಗಿಯನ್ನು ಬೇಗ ಉಣಿಸಿ ಬೇಗ ನಡೆಸಬೇಕು. ಅರಿವಳಿಕೆಗೆ 6 ಗಂಟೆ ಮೊದಲಿನವರೆಗೆ ಲಘು ಆಹಾರವನ್ನೂ 2 ಗಂಟೆ ಮೊದಲಿನವರೆಗೆ ನೀರನ್ನೂ ಸಾಮಾನ್ಯವಾಗಿ ಕೊಡಬಹುದಾಗಿದ್ದರೂ, ಹಿಂದಿನ ರಾತ್ರಿಯಿಂದಲೇ ತೊಟ್ಟು ನೀರಿಲ್ಲದೆ ಕಾಯುವ ವೃದ್ಧರನ್ನು ಕಂಡಾಗ ನನಗೆ ಬಹಳ ಸಂಕಟವಾಗುತ್ತದೆ.

ಇದಕ್ಕಿಂತ ಕಠಿಣವಾದದ್ದು, ನಡೆದರೆ ಹೊಲಿಗೆ ಬಿಚ್ಚಿಕೊಂಡೀತೆಂಬ ಮನೆಯವರ ಭಯ. ಮಲಗಿಯೇ ಇದ್ದರೆ ಕಫ ಕಟ್ಟಿ ನ್ಯುಮೋನಿಯಾ ಆಗುವ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ ಎಂದು ಬಾಯಲ್ಲಿ ಹೇಳಿದರೆ ಸಾಲದು, ಚಿತ್ರವಿದ್ದರೆ ನಂಬುತ್ತಾರೆ. ಆದ್ದರಿಂದ ಮಗ್ಗುಲಾಗಿ ತಿರುಗಿ ಏಳುವುದು, ದಿಂಬನ್ನು ಗಾಯದ ಮೇಲೆ ಒತ್ತಿಹಿಡಿದು ಕೆಮ್ಮುವುದು, ದೀರ್ಘ ಉಸಿರಾಟ, ಇವುಗಳ ಸರಳ ರೇಖಾಚಿತ್ರಗಳನ್ನು ಫಿಸಿಯೋಥೆರಪಿಸ್ಟರು ಯಾರಾದರೂ ಬರೆದುಕೊಡಬಲ್ಲಿರಾ?

ಪಥ್ಯವೆಂದು ವಾರಗಟ್ಟಲೆ ಬರೀ ಗಂಜಿ ಕೊಡುವ ಮನೆಗಳು ಹಲವು. ಗಾಯ ಮಾಯಲು ಪ್ರೋಟೀನ್ ಬೇಕಷ್ಟೆ. ರಾಗಿ ಅಂಬಲಿ, ಬೇಳೆಕಟ್ಟು, ಮೊಸರು, ಮೊಟ್ಟೆಗಳನ್ನು ಯಾವ ಕ್ರಮದಲ್ಲಿ ಸೇರಿಸಬೇಕೆಂದು ಆಹಾರತಜ್ಞರು ದಯವಿಟ್ಟು ತಿಳಿಸಿ. ಜ್ವರ, ಗಾಯದಲ್ಲಿ ಕೀವು, ನಿಲ್ಲದ ವಾಂತಿ, ಹೊಟ್ಟೆಯುಬ್ಬರ, ಒಂದೇ ಕಾಲಿನ ಊತ, ಉಸಿರಾಟದ ತೊಂದರೆ ಕಂಡರೆ ಕೂಡಲೇ ಆಸ್ಪತ್ರೆಗೆ ಬರಬೇಕೆಂದು ಬರೆದಿದ್ದೇನೆ. ಬಿಟ್ಟುಹೋದದ್ದಿದ್ದರೆ ಸರ್ಜನ್‌ಗಳು ತಿದ್ದಬೇಕು. ಪ್ರತಿಕ್ರಿಯಿಸಿದವರಿಗೆ ಕರಡು ಪ್ರತಿಯನ್ನು ಕಳುಹಿಸುತ್ತೇನೆ.