ಮೊಜಾಂಬಿಕ್ ತೊಗರಿ ಕಲಬುರಗಿ ಮಿಲ್ಲಿಗೆ: ನೇರ ತರಿಸುವುದೋ, ಮುಂಬೈನಲ್ಲಿ ಕೊಳ್ಳುವುದೋ?

ಆಳಂದ_ರಸ್ತೆ (ಪ್ರಶ್ನೆ)

ನಮ್ಮ ರೈತ ಉತ್ಪಾದಕ ಕಂಪನಿಯ ಸಣ್ಣ ದಾಲ್ ಮಿಲ್ ಕಲಬುರಗಿಯಲ್ಲಿದೆ. ಸದಸ್ಯರ ತೊಗರಿ ಆಗಸ್ಟ್ ಹೊತ್ತಿಗೆ ಮುಗಿಯುತ್ತದೆ, ಹೊಸ ರಾಶಿ ಡಿಸೆಂಬರ್‌ಗೆ. ನಡುವಿನ ತಿಂಗಳುಗಳಲ್ಲಿ ಮಿಲ್ ಖಾಲಿ. ಆ ಹೊತ್ತಿಗೆ ಆಫ್ರಿಕಾದ ಮಾಲು ಬರುತ್ತದಲ್ಲ, ಮೊಜಾಂಬಿಕ್‌ನಿಂದ ಒಂದು ಕಂಟೇನರ್ ನಾವೇ ತರಿಸಿದರೆ ಹೇಗೆ? ಯಾವ ಕಾಗದ ಬೇಕು? ನಮ್ಮ ಯಂತ್ರಕ್ಕೆ ಆ ಕಾಳು ಹೊಂದುತ್ತದೆಯೇ? ಸ್ವಲ್ಪ ಬಿತ್ತಿ ನೋಡಬೇಕು ಅಂತಲೂ ಕೆಲವರಿಗೆ ಆಸೆ. ಇನ್ನು ಕೆಲವರದ್ದು, ಆಮದಿನಿಂದಲೇ ದರ ಬೀಳುತ್ತೆ, ನಾವೇ ಯಾಕೆ ತರಬೇಕು ಅನ್ನೋ ತಕರಾರು.

ಬಂದರು_ಕಾಗದ

ಒಂದೇ ಕಂಟೇನರ್‌ಗೋಸ್ಕರ ನೀವು ಆಮದುದಾರರಾಗಬೇಡಿ. 20 ಅಡಿಯ ಕಂಟೇನರ್‌ಗೆ ಹಿಡಿಯುವುದು ಸುಮಾರು 24 ಟನ್, ಆದರೆ ಕಾಗದದ ಓಡಾಟ ಹತ್ತು ಕಂಟೇನರ್‌ಗಾದರೂ ಅಷ್ಟೇ.

ಬೇಕಾಗುವುದು ಇಷ್ಟು: ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ (ಡಿಜಿಎಫ್‌ಟಿ) ಆಮದು-ರಫ್ತು ಮಾಡುವವರ ಐಇಸಿ ಸಂಖ್ಯೆ, ಆಮದುದಾರರಾಗಿ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಕೇಂದ್ರ ಲೈಸೆನ್ಸ್, ಮಾಲಿನಲ್ಲಿ ಕೀಟ, ರೋಗ ಇಲ್ಲವೆಂಬ ಮೊಜಾಂಬಿಕ್ ಸರ್ಕಾರದ ಫೈಟೋಸ್ಯಾನಿಟರಿ ಪ್ರಮಾಣಪತ್ರ, ಮೂಲದೇಶದ ಪ್ರಮಾಣಪತ್ರ, ಬಿಲ್ ಆಫ್ ಲೇಡಿಂಗ್ (ಹಡಗಿಗೆ ಮಾಲು ಏರಿಸಿದ ರಸೀದಿ), ಇನ್‌ವಾಯ್ಸ್. ಕಸ್ಟಮ್ಸ್‌ನಲ್ಲಿ ತೊಗರಿಯ ಕೋಡ್ 07136000. ಹಣ ಕಳಿಸಿದ ಮೇಲೆ ಬಿಲ್ ಆಫ್ ಎಂಟ್ರಿಯನ್ನು (ಕಸ್ಟಮ್ಸ್‌ಗೆ ಸಲ್ಲಿಸುವ ಆಮದು ಘೋಷಣೆ) ಬ್ಯಾಂಕಿಗೆ ಹೊಂದಿಸಿ ಕೊಡಬೇಕು, ಇಲ್ಲವಾದರೆ ಮುಂದಿನ ಪಾವತಿ ನಿಲ್ಲುತ್ತದೆ.

ಎಡವುವುದು ಎರಡು ಕಡೆ. ಒಂದು, ಹುಳ ಸಾಯಿಸಲು ಅನಿಲ ಹಾಯಿಸುವ ಹೊಗೆ ಉಪಚಾರ. ಮೀಥೈಲ್ ಬ್ರೋಮೈಡ್ ಘನ ಮೀಟರಿಗೆ 32 ಗ್ರಾಂ, 21 ಡಿಗ್ರಿ ಮೇಲೆ, 24 ಗಂಟೆ. ಪ್ರಮಾಣಪತ್ರದಲ್ಲಿ ಈ ಮೂರರಲ್ಲಿ ಒಂದು ಬರೆಯದಿದ್ದರೂ ಸಸ್ಯ ಸಂಗರೋಧದವರು ಮಾಲು ತಡೆಯುತ್ತಾರೆ. ಇಲ್ಲಿ ಮತ್ತೆ ಹೊಗೆ ಹಾಕಿಸುವಷ್ಟರಲ್ಲಿ ಕಂಟೇನರ್‌ನ ಉಚಿತ ದಿನಗಳು ಮುಗಿದು ಬಾಡಿಗೆ ಏರತೊಡಗುತ್ತದೆ.

ಎರಡನೆಯದು ಅಧಿಸೂಚನೆ. 2017ರ ಆಗಸ್ಟ್‌ನಲ್ಲಿ ತೊಗರಿ ಆಮದನ್ನು ಮುಕ್ತ ಪಟ್ಟಿಯಿಂದ ತೆಗೆದು ವರ್ಷಕ್ಕೆ 2 ಲಕ್ಷ ಟನ್ ಮಿತಿ ಹಾಕಿದರು. ಸರ್ಕಾರಗಳ ನಡುವಿನ ಒಪ್ಪಂದದ ಮಾಲಿಗೆ ಮಾತ್ರ ವಿನಾಯಿತಿ. 2021ರ ಮೇ ತಿಂಗಳಲ್ಲಿ ಮತ್ತೆ ಮುಕ್ತ ಮಾಡಿ, ಆ ಗಡುವನ್ನು ಮುಂದೂಡುತ್ತಾ ಬಂದರು. ಕರಾರಿಗೆ ಸಹಿ ಹಾಕುವ ದಿನ ಜಾರಿಯಲ್ಲಿರುವ ಅಧಿಸೂಚನೆ ಓದಿ, ಅದರಲ್ಲಿ ಲೆಕ್ಕಕ್ಕೆ ಬರುವುದು ಬಿಲ್ ಆಫ್ ಲೇಡಿಂಗ್ ದಿನಾಂಕವೋ, ಇಲ್ಲಿ ಇಳಿದ ದಿನಾಂಕವೋ ನೋಡಿಕೊಳ್ಳಿ. ಎಷ್ಟೋ ಜನರ ಮಾಲು ಹಡಗಿನಲ್ಲಿದ್ದಾಗಲೇ ನಿಯಮ ಬದಲಾಗಿದೆ.

ಅಲ್ಲಿಯ ಕಡೆಯೂ ಅಡಚಣೆ ಬರಬಹುದು. 2023ರ ಕೊನೆಗೆ ಮೊಜಾಂಬಿಕ್‌ನ ನಕಾಲಾ ಬಂದರಿನಲ್ಲಿ ರಫ್ತುದಾರರ ವ್ಯಾಜ್ಯದಿಂದ ತೊಗರಿ ವಾರಗಟ್ಟಲೆ ನಿಂತು, ಇಲ್ಲಿ ಬೇಳೆ ದರ ಬಿಸಿಯೇರಿತ್ತು. ಮೊದಲ ವರ್ಷ ಮುಂಬೈನಲ್ಲಿ ಕಸ್ಟಮ್ಸ್ ಮುಗಿದ ಮಾಲನ್ನೇ ಸ್ಯಾಂಪಲ್ ನೋಡಿ ಕೊಳ್ಳಿ. ಸೊಲ್ಲಾಪುರದ ಮೇಲೆ ಲಾರಿ ಬರುತ್ತದೆ.

ಗಂಜ್_ಮಿಲ್

ಯಂತ್ರದ ಮಾತು ನಾನು ಹೇಳ್ತೀನ್ರಿ. ಮುಂಬೈ ದಲ್ಲಾಳಿ ಪಟ್ಟಿಯೊಳಗ ಮೊಜಾಂಬಿಕ್ ಕೆಂಪು ಮಾಲಿಗೆ ಗಜರಿ ಅಂತಾರ, ತಾಂಜಾನಿಯಾದ್ದಕ್ಕ ಮಟ್ವಾರಾ, ಅರುಷಾ, ಬರ್ಮಾದ್ದಕ್ಕ ಲೆಮನ್. ಒಂದರ ಸ್ಯಾಂಪಲ್ ತೋರಿಸಿ ಇನ್ನೊಂದು ತುಂಬಿ ಕಳಿಸ್ತಾರ. ಅದಕ್ಕ ಸೀಲ್ ಮಾಡಿದ ಸ್ಯಾಂಪಲ್ ಎರಡೂ ಕಡೆ ಇರಬೇಕು.

ಗಜರಿ ಒಳಗ ದಪ್ಪ ಸಣ್ಣ ಕಾಳು ಕೂಡಿರ್ತಾವ. ಸಿಪ್ಪಿ ಉಜ್ಜೋ ಎಮರಿ ರೋಲಿಗೆ ಹಾಂಗೇ ಬಿಟ್ರ ದಪ್ಪ ಕಾಳು ಒಡೀತಾವ, ಸಣ್ಣ ಕಾಳಿನ ಸಿಪ್ಪಿ ಹಾಂಗೇ ಉಳೀತದ. ಮೊದಲು ಜರಡಿ ಹಾಕಿ ಎರಡು ಗಾತ್ರ ಮಾಡ್ರಿ, ಬ್ಯಾರೆ ಬ್ಯಾರೆ ಓಡಸ್ರಿ. ಸಿಪ್ಪಿ ಮತ್ತ ಬ್ಯಾಳಿ ನಡುವ ಅಂಟಿನ ಪದರ ಇರ್ತದ. ಗೀರು ಹಾಕಿದ ಮ್ಯಾಲ ಎಣ್ಣಿ ಹಚ್ಚಿ ಒಂದು ರಾತ್ರಿ ಬಿಟ್ಟು ಒಣಗಿಸಿದ್ರ ಆ ಅಂಟು ಬಿಡ್ತದ. ಅವಸರ ಮಾಡಿ ಬಿಸಿಲಿಗೆ ಒಂದೇ ದಿನ ಹಾಕಿದ್ರ ಮೂರನೇ ಸಲ ರೋಲಿಗೆ ಕೊಡಬೇಕಾಗ್ತದ, ಅಷ್ಟೂ ಪುಡಿ ಆಗಿ ಚುನ್ನಿಗೆ (ದನದ ಮೇವಿನ ನುಚ್ಚಿಗೆ) ಹೋಗ್ತದ. ಲೆಕ್ಕ ನೋಡ್ರಿ: ಒಂದು ಕಂಟೇನರಿನ 240 ಕ್ವಿಂಟಲ್ ಮಾಲಿನೊಳಗ ಬ್ಯಾಳಿ ಶೇ 72 ಬಂದ್ರ 173 ಕ್ವಿಂಟಲ್ ಹತ್ರ. ಶೇ 1 ಇಳಿದ್ರ 2.4 ಕ್ವಿಂಟಲ್ ಬ್ಯಾಳಿ ಹೋತು. ಲಾಭ ಇರೋದೇ ಅಷ್ಟರೊಳಗ.

ಲಾರಿ ಬಂದಾಗ ಬಾಗಿಲ ಬಲ್ಲಿ ಇರೋ ಚೀಲ ನೋಡಿ ಸುಮ್ಮನಾಗಬ್ಯಾಡ್ರಿ. ಕಂಟೇನರ್ ಒಳಗ ಬೆವರಿ ನೀರು ಮ್ಯಾಲಿನ ಸಾಲಿನ ಚೀಲಕ್ಕ ಬೀಳ್ತದ, ಅಲ್ಲೇ ಬೂಸ್ಟು ಹಿಡಿಯೋದು. ಹುಳದ ಪರೀಕ್ಷೆ ಸಸಾರ: ಕಾಳಿನ ಮ್ಯಾಲ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕಿ ಅಂಟಿದ್ರ ಅದು ಮೊಟ್ಟಿ, ಒರೆಸಿದ್ರೂ ಹೋಗಂಗಿಲ್ಲ. 100 ಕಾಳು ನೀರಿಗೆ ಹಾಕ್ರಿ, ಕೊರೆದ ಕಾಳು ತೇಲ್ತಾವ.

ಕರಿಮಣ್ಣು_ಬೀಜ

ಬಿತ್ತುವ ಯೋಚನೆ ಬಿಡಿ. ತಿನ್ನಲು ಬಂದ ಕಾಳನ್ನು ಬಿತ್ತಲು ಕಾನೂನು ಒಪ್ಪುವುದಿಲ್ಲ. ಬಿತ್ತನೆ ಬೀಜದ ಆಮದಿಗೆ ಬೇರೆಯೇ ಪರವಾನಗಿ, ಬೇರೆಯೇ ಪರೀಕ್ಷೆ. ಬೆಳೆಯ ಸ್ವಭಾವವೂ ಹೊಂದುವುದಿಲ್ಲ. ತೊಗರಿ ಹೂಬಿಡುವುದು ಹಗಲಿನ ಉದ್ದ ಮತ್ತು ಉಷ್ಣಾಂಶ ನೋಡಿಕೊಂಡು. ಪೂರ್ವ ಆಫ್ರಿಕಾಕ್ಕೆ ಹೊಂದಿಸಿದ ದೀರ್ಘಾವಧಿ ತಳಿ ಇಲ್ಲಿ ತಡವಾಗಿ ಹೂಬಿಟ್ಟರೆ, ಕಾಯಿ ಕಟ್ಟುವ ಹೊತ್ತಿಗೆ ನೆಲದಲ್ಲಿ ತೇವ ಇರುವುದಿಲ್ಲ.

ಎರಡು ಕಡೆಯ ತಳಿಗಳಿಗೂ ನಂಟು ಮಾತ್ರ ಇದೆ, ಅದೂ ನಮ್ಮ ಪಕ್ಕದಲ್ಲೇ. ಹುಮನಾಬಾದಿನಿಂದ ಹೈದರಾಬಾದ್‌ಗೆ ಹೋಗುವ ದಾರಿಯಲ್ಲಿರುವ ಪಟಾನ್‌ಚೆರುವಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ 1972ರಲ್ಲಿ ಶುರುವಾಯಿತು. ಗಿಡ ಒಣಗಿಸುವ ನೆಟೆ ರೋಗ ತಡೆಯುವ ಮಾರುತಿ ತಳಿ, ಅಂದರೆ ಐಸಿಪಿ 8863, ಅಲ್ಲಿಯದು; 1986ರಲ್ಲಿ ಕರ್ನಾಟಕಕ್ಕೆ ಬಿಡುಗಡೆಯಾಯಿತು. ಮಲಾವಿ, ಮೊಜಾಂಬಿಕ್‌ಗಳಲ್ಲಿ ಬೆಳೆಯುವ ಐಸಿಇಎಪಿ 00040, 00557 ತಳಿಗಳು ಕೂಡ ಅದೇ ಸಂಸ್ಥೆಯ ಆಫ್ರಿಕಾ ವಿಭಾಗದವು. ಅಲ್ಲಿಯೂ ಕಾಡುವುದು ಇದೇ ನೆಟೆ ರೋಗ. ಮಾರುತಿ, ಗಿಡ ಹೂ-ಕಾಯಿ ಬಿಡದಂತೆ ಮಾಡುವ ಗೊಡ್ಡು ರೋಗಕ್ಕೆ ಸೋಲುತ್ತದೆ, ಆದ್ದರಿಂದ ಬಿತ್ತನೆಗೆ ಕಲಬುರಗಿ ಸಂಶೋಧನಾ ಕೇಂದ್ರದ ಜಿಆರ್‌ಜಿ 811 ನೋಡಿ.

ಆಫ್ರಿಕಾದ ತಳಿ ಪರೀಕ್ಷಿಸಲೇಬೇಕೆಂದರೆ ಕೇಳಬೇಕಾದವರು ಈ ಕೇಂದ್ರದವರೇ. ಇಕ್ರಿಸ್ಯಾಟ್ ಬೀಜ ಭಂಡಾರದಲ್ಲಿ 13,000ಕ್ಕೂ ಹೆಚ್ಚು ತೊಗರಿ ಮಾದರಿಗಳಿವೆ. ಸಂಶೋಧಕರು ವಸ್ತು ವರ್ಗಾವಣೆ ಒಪ್ಪಂದಕ್ಕೆ ಸಹಿ ಹಾಕಿ ಕೆಲವೇ ಗ್ರಾಂ ತರಿಸಿಕೊಳ್ಳಬಹುದು. ಆಫ್ರಿಕಾ ದೇಶಗಳ ವಿದ್ಯಾರ್ಥಿಗಳು ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತಿನ (ಐಸಿಸಿಆರ್) ವಿದ್ಯಾರ್ಥಿವೇತನದಲ್ಲಿ ಭಾರತಕ್ಕೆ ಓದಲು ಬರುತ್ತಾರೆ. ತೊಗರಿಯ ಮೇಲೆ ಎಂ.ಎಸ್‌ಸಿ. ಮಾಡುವವರಿಗೆ ಕಲಬುರಗಿಗಿಂತ ಒಳ್ಳೆಯ ಹೊಲ ಬೇರೆ ಎಲ್ಲಿದೆ? ನಮ್ಮ ಕೃಷಿ ಕಾಲೇಜು ಅವರನ್ನು ಹುಡುಕಿ ಕರೆಯಬೇಕು.

ಭೀಮಾ_ತೀರ

ಸದಸ್ಯರ ತಕರಾರಿನಲ್ಲಿ ನಿಜವಿದೆ, ಆದರೆ ಕೋಪ ಮೊಜಾಂಬಿಕ್ ರೈತನ ಮೇಲೆ ಬೇಡ. ಬೇಳೆ ಕಿಲೋಗೆ 200 ರೂ. ಮುಟ್ಟಿದ ಮೇಲೆ, 2016ರ ಜುಲೈನಲ್ಲಿ ಭಾರತ, ಮೊಜಾಂಬಿಕ್ ಸರ್ಕಾರಗಳ ನಡುವೆ ಆಮದಿನ ಒಪ್ಪಂದ ಆಯಿತು: 1 ಲಕ್ಷ ಟನ್‌ನಿಂದ ಶುರುವಾಗಿ 2020–21ಕ್ಕೆ 2 ಲಕ್ಷ ಟನ್. ಒಪ್ಪಂದವಾದ ವರ್ಷ, 2016–17ರಲ್ಲೇ, ನಮ್ಮ ದೇಶದಲ್ಲಿ ಉತ್ಪಾದನೆ ಸುಮಾರು 26 ಲಕ್ಷ ಟನ್‌ನಿಂದ 49 ಲಕ್ಷ ಟನ್‌ಗೆ ಹಾರಿತು. ಬೆಂಬಲ ಬೆಲೆ 5,050 ರೂ. ಇದ್ದರೂ ಗಂಜ್‌ನಲ್ಲಿ (ಕಲಬುರಗಿ ಮಾರುಕಟ್ಟೆ) ದರ ಅದರ ಕೆಳಗೆ ಹೋಯಿತು. ನಂತರ ಮಿತಿ ಹಾಕಿದಾಗ ಅಲ್ಲಿಯ ದರವೂ ಕುಸಿಯಿತು, ಯಾಕೆಂದರೆ ಅವರು ತೊಗರಿ ತಿನ್ನುವುದು ಕಡಿಮೆ, ಬೆಳೆಯುವುದೇ ನಮಗಾಗಿ.

ಪೆಟ್ಟು ಬೀಳುವುದು ಪ್ರಮಾಣಕ್ಕಿಂತ ಹೊತ್ತಿನಿಂದ. ಅವರ ಕೊಯ್ಲು ಆಗಸ್ಟ್‌ನಿಂದ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಂದ ಮಾಲನ್ನು ನೀವು ನವೆಂಬರ್ ಒಳಗೆ ಬೇಳೆ ಮಾಡಿ ಮಾರಿದರೆ ಸದಸ್ಯರ ರಾಶಿಗೆ ಅಡ್ಡಿಯಿಲ್ಲ. ಜನವರಿಗೆ ಗೋದಾಮಿನಲ್ಲಿ ಉಳಿದರೆ ಅದೇ ಕಾಳು ಸದಸ್ಯರ ದರ ಜಗ್ಗುತ್ತದೆ. ಅದಕ್ಕೇ ನಾವು ಪಟ್ಟು ಹಿಡಿದು ಕೇಳಬೇಕಾದ್ದು, ಆಮದಿನ ಗಡುವನ್ನು ಜೂನ್ ಬಿತ್ತನೆಗೆ ಮೊದಲೇ ಘೋಷಿಸಿ ಅಂತ.

ಇನ್ನೊಂದು ಎಚ್ಚರ. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ (ಈ ಸೀಮೆಯ ಮಾಲಿಗಷ್ಟೇ ಆ ಹೆಸರು ಬಳಸುವ ಹಕ್ಕು) ಸಿಕ್ಕಿದೆ. ಇಲ್ಲಿ ಮಿಲ್ ಮಾಡಿದ್ದೇವೆ ಅಂತ ಗಜರಿ ಬೇಳೆಯನ್ನು ಆ ಹೆಸರಿನ ಚೀಲಕ್ಕೆ ತುಂಬುವಂತಿಲ್ಲ. ಚೀಲ, ಲಾಟ್ ನಂಬರ್, ಗೋದಾಮಿನ ಸಾಲು ಎಲ್ಲ ಬೇರೆ ಇರಲಿ.

ಆಳಂದ_ರಸ್ತೆ

ಮುಂಬೈ ಮಾಲಿಗೇ ಹೋಗೋಣ ಅಂತ ಸಭೆಯಲ್ಲಿ ಇಡುತ್ತೇನೆ. ಇಷ್ಟಕ್ಕಿಂತ ಹೆಚ್ಚು ಬೇಳೆಕಾಳು ಇಟ್ಟುಕೊಳ್ಳಬಾರದು ಅಂತ ಸರ್ಕಾರ ಹಾಕುವ ದಾಸ್ತಾನು ಮಿತಿ ನಮ್ಮಂಥ ಮಿಲ್ಲಿಗೂ ಬರುತ್ತದೆಯೇ?

ಬಂದರು_ಕಾಗದ

ಆದೇಶ ಜಾರಿಯಲ್ಲಿದ್ದರೆ ಬರುತ್ತದೆ. 2023ರ ಜೂನ್‌ನಲ್ಲಿ ಮಿಲ್ಲಿಗೆ ಕಳೆದ 3 ತಿಂಗಳ ಉತ್ಪಾದನೆ ಅಥವಾ ವಾರ್ಷಿಕ ಸಾಮರ್ಥ್ಯದ ಶೇ 25, ಎರಡರಲ್ಲಿ ಹೆಚ್ಚಿನದು ಅಂತಿತ್ತು. ಸೆಪ್ಟೆಂಬರ್‌ನಲ್ಲಿ 1 ತಿಂಗಳು ಅಥವಾ ಶೇ 10ಕ್ಕೆ ಇಳಿಸಿದರು. ಮಿಲ್ ಖಾಲಿ ಕೂತ ತಿಂಗಳುಗಳ ನಂತರ ಮೊದಲ ಲೆಕ್ಕ ಸೊನ್ನೆಯ ಹತ್ತಿರ ಬರುತ್ತದೆ, ನಿಮಗೆ ಆಧಾರ ಸಾಮರ್ಥ್ಯದ ಶೇಕಡಾವಾರು ಮಾತ್ರ. ಲೈಸೆನ್ಸ್‌ನಲ್ಲಿ ಬರೆದ ಸಾಮರ್ಥ್ಯ ಎಷ್ಟಿದೆ ನೋಡಿ, ಅದರ ಮೇಲೆ ಎಷ್ಟು ಲಾರಿ ಅನ್ನುವುದನ್ನು ನಿರ್ಧರಿಸಿ. ಗ್ರಾಹಕ ವ್ಯವಹಾರ ಇಲಾಖೆಯ ಪೋರ್ಟಲ್‌ನಲ್ಲಿ ದಾಸ್ತಾನು ಘೋಷಿಸುವುದನ್ನು ಬಿಡಬೇಡಿ.